ಸಿಡ್ನಿಯ ಗುತ್ತಿಗೆ ಕೆಲಸ: ‘106’ರ ಬಾಗಿಲು ನನಗೆ ಏಕೆ ಮುಚ್ಚಿದೆ?

ಪ್ರಶ್ನೆ — ಅರಸೀಕೆರೆಯವನು, ಪೆಂಡಲ್ ಹಿಲ್

ಎಲ್ಲರಿಗೂ ನಮಸ್ಕಾರ. ಇಲ್ಲಿಯ ಕಾರ್ಮಿಕ ಕಾನೂನು ತಿಳಿದವರು ಯಾರಾದರೂ ಇದ್ದರೆ ದಯವಿಟ್ಟು ಪೂರ್ತಿ ಓದಿ.

ನಾನು ಸಾಫ್ಟ್‌ವೇರ್ ಪರೀಕ್ಷೆಯ ಕೆಲಸ ಮಾಡುವವನು. ಸಿಡ್ನಿಗೆ ಬಂದು 11 ವರ್ಷವಾಯಿತು. ನನ್ನದೇ ಒಂದು ಪುಟ್ಟ ಕಂಪನಿ ಇದೆ. ಅದಕ್ಕೆ ನಾನೊಬ್ಬನೇ ನಿರ್ದೇಶಕ, ನಾನೊಬ್ಬನೇ ಕೆಲಸಗಾರ. ಕೆಲಸ ಕೊಡಿಸುವ ಏಜೆನ್ಸಿಯೊಂದರ ಜೊತೆ 2024ರ ಜೂನ್ 3ರಂದು ಒಪ್ಪಂದಕ್ಕೆ ಸಹಿ ಹಾಕಿದೆ. ದಿನಕ್ಕೆ 620 ಡಾಲರ್, ಬಿಲ್ಲು ಕೊಟ್ಟ 14 ದಿನದೊಳಗೆ ಹಣ. ಆರು ತಿಂಗಳು ಎಲ್ಲವೂ ಸರಿಯಾಗಿತ್ತು.

ಡಿಸೆಂಬರ್‌ನಲ್ಲಿ ಅವಧಿ ವಿಸ್ತರಿಸುವ ಪತ್ರ ಬಂತು. ಎರಡು ಪುಟ. ಅಂದು ಮಗಳ ಶಾಲೆಯ ವಾರ್ಷಿಕೋತ್ಸವ. ಶಾಲೆಯ ಗೇಟಿನ ಬಳಿ ನಿಂತು ಮೊಬೈಲ್‌ನಲ್ಲೇ ಬೆರಳಿನಿಂದ ಸಹಿ ಗೀಚಿದೆ. ಎರಡನೆಯ ಪುಟದಲ್ಲಿ ಎರಡು ಹೊಸ ಷರತ್ತುಗಳಿದ್ದವು. ಗ್ರಾಹಕ ಸಂಸ್ಥೆ ಏಜೆನ್ಸಿಗೆ ಹಣ ಕೊಟ್ಟ ನಂತರವಷ್ಟೇ ನನಗೆ ಹಣ ಎಂಬುದು ಒಂದು. ಕೆಲಸ ಮುಗಿದ ಮೇಲೆ 12 ತಿಂಗಳು ಆ ಏಜೆನ್ಸಿಯ ಯಾವ ಗ್ರಾಹಕರ ಬಳಿಯೂ ನಾನು ದುಡಿಯುವಂತಿಲ್ಲ ಎಂಬುದು ಇನ್ನೊಂದು.

ಮೇ ಕೊನೆಗೆ ಕೆಲಸ ಮುಗಿಯಿತು. ಕೊನೆಯ ಏಳು ವಾರಗಳ ಬಿಲ್ಲು, ಒಟ್ಟು 21,700 ಡಾಲರ್, ಇನ್ನೂ ಬಂದಿಲ್ಲ. ‘ಗ್ರಾಹಕರಿಂದ ನಮಗೇ ಬಂದಿಲ್ಲ, ಪತ್ರದ ಎರಡನೆಯ ಪುಟ ನೋಡಿ’ ಎನ್ನುತ್ತಾರೆ. ಬೇರೆ ಕೆಲಸ ಸಿಕ್ಕಿತ್ತು. ಅದೂ ಇವರ ಗ್ರಾಹಕರ ಪಟ್ಟಿಯಲ್ಲಿದೆ ಎಂದು ಹೇಳಿ ತಪ್ಪಿಸಿದರು. ಮನೆಯ ಸಾಲದ ಕಂತಿಗೆ ಹೆಂಡತಿಯ ಸಂಬಳವೊಂದೇ ಈಗ ಆಧಾರ.

ನಾನು ಮೊದಲು ಕೆಲಸ ಮಾಡುತ್ತಿದ್ದ ಕಡೆಯ ಹಿರಿಯ ಸಹೋದ್ಯೋಗಿಯೊಬ್ಬರು, ‘ನ್ಯೂ ಸೌತ್ ವೇಲ್ಸ್‌ನ ಕೈಗಾರಿಕಾ ನ್ಯಾಯಾಲಯಕ್ಕೆ ಹೋಗು, 106ನೇ ಸೆಕ್ಷನ್ ಇದೆ, ಅನ್ಯಾಯದ ಒಪ್ಪಂದವನ್ನು ಹರಿದುಹಾಕುವ ಅಧಿಕಾರ ಅವರಿಗಿದೆ’ ಎಂದರು. ಸೆಕ್ಷನ್ ತೆಗೆದು ಓದಿದೆ. ನನಗಾಗಿಯೇ ಬರೆದಂತಿದೆ. ಆದರೆ ಉಚಿತ ಸಲಹೆ ಕೊಡುವ ವಕೀಲರೊಬ್ಬರು ಫೋನಿನಲ್ಲಿ ಎರಡೇ ನಿಮಿಷ ಮಾತಾಡಿ, ‘ಅದು ನಿಮಗೆ ಅನ್ವಯಿಸುವುದಿಲ್ಲ, ಸಂವಿಧಾನದ ತೊಡಕಿದೆ’ ಎಂದು ಇಟ್ಟುಬಿಟ್ಟರು.

ಕಾನೂನು ಪುಸ್ತಕದಲ್ಲಿದೆ, ನ್ಯಾಯಾಲಯವೂ ಇದೆ, ನನಗೆ ಆಗಿರುವುದೂ ಅನ್ಯಾಯವೇ. ಇವುಗಳ ನಡುವೆ ಸಂವಿಧಾನ ಎಲ್ಲಿಂದ ಬಂತು? ನಾನು ಈಗ ಯಾರ ಬಳಿ ಹೋಗಬೇಕು?

---

ಉತ್ತರ 1 — ಬೆಳಗಾವಿ ಲಾರಿ, ಬ್ಲ್ಯಾಕ್‌ಟೌನ್

ಸರ್, ನಾನು ಸ್ವಂತ ಲಾರಿ ಓಡಿಸುವವನು, ಕಾನೂನು ಓದಿದವನಲ್ಲ. ಆದರೆ ನಮ್ಮಂಥ ಸ್ವಂತ ಗಾಡಿಯ ಚಾಲಕರಿಗೆ ನೀವು ಹೇಳಿದ 106 ಇರುವ ಅದೇ ರಾಜ್ಯ ಕಾಯಿದೆಯ 6ನೇ ಅಧ್ಯಾಯ ಈಗಲೂ ಇದೆ, ರಾಜ್ಯದ ಕೈಗಾರಿಕಾ ಆಯೋಗ ನಮ್ಮ ಮಾತು ಕೇಳುತ್ತದೆ. ಮೂರು ವರ್ಷದ ಹಿಂದೆ ನನ್ನ ಬಾಡಿಗೆ ದರದ ತಕರಾರು ಅಲ್ಲಿಯೇ ರಾಜಿಯಾಯಿತು. ಸಂಘದ ಒಬ್ಬರು ಜೊತೆಗೆ ಬಂದಿದ್ದರು. ಹಾಗಾಗಿ ಬಾಗಿಲು ಎಲ್ಲರಿಗೂ ಮುಚ್ಚಿದೆ ಎಂದು ಭಾವಿಸಬೇಡಿ. ನಿಮ್ಮ ವಿಷಯ ಬೇರೆ ಇರಬಹುದು. ಶಾರದಕ್ಕ ಈ ಗುಂಪಿನಲ್ಲಿದ್ದಾರೆ, ಅವರು ಬರೆಯುವವರೆಗೆ ಕಾಯಿರಿ.

---

ಉತ್ತರ 2 — ಸಾಗರದ ಶಾರದ, ಎಪಿಂಗ್

ಅರಸೀಕೆರೆಯ ತಮ್ಮನಿಗೆ ನಮಸ್ಕಾರ. ನಾನು ವಕೀಲಳಲ್ಲ. ಸಿಡ್ನಿಯಲ್ಲಿ ಕಾರ್ಮಿಕರ ಪರ ವಾದಿಸುವ ವಕೀಲರ ಕಚೇರಿಯಲ್ಲಿ 22 ವರ್ಷ ಗುಮಾಸ್ತೆಯಾಗಿದ್ದೆ, ಈಗ ನಿವೃತ್ತಳು. 106ರ ಅರ್ಜಿಗಳನ್ನು ಟೈಪು ಮಾಡಿ, ಗುಲಾಬಿ ಬಣ್ಣದ ದಾರ ಕಟ್ಟಿ, ಬ್ರಿಜ್ ಸ್ಟ್ರೀಟಿನ ಆ ಮರಳುಗಲ್ಲಿನ ಹಳೆಯ ಕಟ್ಟಡದ ಕೌಂಟರಿನಲ್ಲಿ ಸಲ್ಲಿಸಿ ಮುದ್ರೆ ಹಾಕಿಸಿಕೊಂಡು ಬಂದವಳು. ಆದ್ದರಿಂದ ಈ ಸೆಕ್ಷನ್ನಿನ ಮೇಲೆ ನನಗೆ ಮಮತೆ ಇದೆ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಅದು ಏನಾಗಿತ್ತು ಎಂಬುದು ನಿಮಗೆ ತಿಳಿಯಬೇಕು. 1959ರಲ್ಲಿ ಈ ರಾಜ್ಯದ ಹಳೆಯ ಕೈಗಾರಿಕಾ ಕಾಯಿದೆಗೆ 88ಎಫ್ ಎಂಬ ಸೆಕ್ಷನ್ ಸೇರಿಸಿದರು. ಆಳನ್ನು ಆಳು ಎನ್ನದೆ ‘ಗುತ್ತಿಗೆದಾರ’, ‘ಪಾಲುದಾರ’ ಎಂದು ಹೆಸರು ಬದಲಿಸಿ ಕೂಲಿ ತಪ್ಪಿಸುವವರನ್ನು ಹಿಡಿಯುವುದು ಅದರ ಉದ್ದೇಶ. 1977ರಲ್ಲಿ ಅದು ಹೈಕೋರ್ಟಿನವರೆಗೆ ಹೋಯಿತು. (ಇಲ್ಲಿ ಹೈಕೋರ್ಟ್ ಎಂದರೆ ಇಡೀ ದೇಶದ ಅತ್ಯುನ್ನತ ನ್ಯಾಯಾಲಯ. ಸುಪ್ರೀಂ ಕೋರ್ಟ್ ಎಂದರೆ ರಾಜ್ಯದ್ದು. ನಮ್ಮ ಊರಿನ ಲೆಕ್ಕಕ್ಕೆ ತಲೆಕೆಳಗು. ಮುಂದೆ ಓದುವಾಗ ನೆನಪಿಡಿ.) ಸ್ಟೀವನ್‌ಸನ್ ಮತ್ತು ಬಾರ್‌ಹ್ಯಾಮ್ ನಡುವಿನ ಆ ಪ್ರಕರಣ ಹಾಲಿನ ಹಸುಗಳ ಕೊಟ್ಟಿಗೆಯದು. ಭೂಮಿ ಒಬ್ಬನದು, ದುಡಿಮೆ ಇನ್ನೊಬ್ಬನದು, ಬಂದದ್ದರಲ್ಲಿ ಪಾಲು. ನಮ್ಮ ಕಡೆ ಕೋರಿಗೆ ಮಾಡುವುದು ಎನ್ನುತ್ತಾರಲ್ಲ, ಅದೇ. ಒಪ್ಪಂದ ನೇರವಾಗಿ ಒಬ್ಬ ಮನುಷ್ಯನನ್ನು ದುಡಿಮೆಗೆ ಹಚ್ಚುವುದಾದರೆ ಈ ಸೆಕ್ಷನ್ ಅದನ್ನು ಮುಟ್ಟುತ್ತದೆ ಎಂದು ನ್ಯಾಯಮೂರ್ತಿಗಳು ವಿಶಾಲವಾಗಿ ಓದಿದರು. ಈ ತೀರ್ಪಿನ ಪ್ರತಿಯನ್ನು ಜೆರಾಕ್ಸ್ ಮಾಡುವಾಗಲೆಲ್ಲ ನನ್ನ ಅಜ್ಜನ ಗದ್ದೆಯ ಗೇಣಿದಾರ ಸುಗ್ಗಿಯ ದಿನ ಕಣದ ಅಂಚಿನಲ್ಲಿ ನಿಂತು ಕೊಳಗದ ಲೆಕ್ಕ ಕೇಳುತ್ತಿದ್ದುದು ಕಣ್ಣಿಗೆ ಕಟ್ಟುತ್ತಿತ್ತು.

1996ರ ಹೊಸ ಕಾಯಿದೆಯಲ್ಲಿ ಅದೇ 106 ಆಯಿತು. ಅದರ ಶಕ್ತಿ ಎರಡು ಮಾತುಗಳಲ್ಲಿತ್ತು. ಅದೇ ಕೆಲಸ ಮಾಡುವ ನೌಕರನಿಗೆ ಸಿಗುವುದಕ್ಕಿಂತ ಕಡಿಮೆ ಕೊಡುವ ಒಪ್ಪಂದವೂ ಅನ್ಯಾಯದ ಒಪ್ಪಂದವೇ ಎಂದು 105ನೇ ಸೆಕ್ಷನ್ ಹೇಳುತ್ತದೆ. ಎರಡನೆಯದು ನಿಮಗೆ ಬೇಕಾಗಿದ್ದದ್ದು: ಸಹಿ ಹಾಕಿದ ದಿನ ನ್ಯಾಯವಾಗಿದ್ದ ಒಪ್ಪಂದ ಆಮೇಲೆ ನಡವಳಿಕೆಯಿಂದಲೋ ತಿದ್ದುಪಡಿಯಿಂದಲೋ ಅನ್ಯಾಯವಾಗಿ ಮಾರ್ಪಟ್ಟರೂ ನ್ಯಾಯಾಲಯ ಅದನ್ನು ರದ್ದು ಮಾಡಬಹುದು, ತಿದ್ದಬಹುದು, ಹಣ ಕೊಡಿಸಬಹುದು. ಡಿಸೆಂಬರ್‌ನಲ್ಲಿ ಎರಡನೆಯ ಪುಟದಲ್ಲಿ ನುಸುಳಿದ ಷರತ್ತಿಗೆ ಇದಕ್ಕಿಂತ ಹೇಳಿಮಾಡಿಸಿದ ಮದ್ದು ಇರಲಿಲ್ಲ. ನಿಮಗಾಗಿಯೇ ಬರೆದಂತಿದೆ ಎಂದಿರಲ್ಲ, ನಿಮ್ಮ ಮಾತು ನಿಜ.

ಇನ್ನು ತೊಡಕು. ಅದು ಒಂದಲ್ಲ, ಮೂರು ದಿಕ್ಕಿನಿಂದ ಬಂತು. ಫೋನಿನಲ್ಲಿ ಎರಡು ನಿಮಿಷದಲ್ಲಿ ಹೇಳಲಾಗದ್ದಕ್ಕೆ ಆ ವಕೀಲರನ್ನು ನಾನು ದೂರುವುದಿಲ್ಲ.

ಮೊದಲನೆಯದು ಸೆಕ್ಷನ್ನಿನ ಒಳಗಿನ ಮಾತು. 90ರ ದಶಕದಲ್ಲಿ ದೊಡ್ಡ ಸಂಬಳದ ಅಧಿಕಾರಿಗಳು ಬೋನಸ್ಸು, ಷೇರುಗಳ ಜಗಳವನ್ನೆಲ್ಲ 106ಕ್ಕೆ ತರತೊಡಗಿದರು. ವರ್ಷಕ್ಕೆ 2,00,000 ಡಾಲರ್ ಮೀರಿದವರಿಗೆ ಇಲ್ಲ ಎಂದು ಮಿತಿ ಹಾಕಿದರು. 2006ರಲ್ಲಿ ಫಿಶ್ ಎಂಬವರ ಪ್ರಕರಣದಲ್ಲಿ ಹೈಕೋರ್ಟ್ ಗೆರೆ ಎಳೆಯಿತು. ಯಾವ ಒಪ್ಪಂದದ ಮೂಲಕ ಮನುಷ್ಯ ಕೆಲಸ ಮಾಡುತ್ತಾನೋ ಆ ಒಪ್ಪಂದವನ್ನು ಮುಟ್ಟಬಹುದು, ಅದರ ಪಕ್ಕದಲ್ಲಿರುವ ಷೇರು ಮಾರಾಟದ ಒಪ್ಪಂದವನ್ನಲ್ಲ. ನ್ಯಾಯಮೂರ್ತಿ ಕರ್ಬಿ ಒಬ್ಬರೇ ಒಪ್ಪಲಿಲ್ಲ. ನಿಮ್ಮದು ನೇರವಾಗಿ ಕೆಲಸದ ಒಪ್ಪಂದ, ಹಾಗಾಗಿ ಈ ಗೆರೆ ನಿಮ್ಮನ್ನು ತಡೆಯುವುದಿಲ್ಲ.

ಎರಡನೆಯದು ನಿಜವಾಗಿ ಸಂವಿಧಾನದ್ದು. ಕೈಗಾರಿಕಾ ನ್ಯಾಯಾಲಯದ ತೀರ್ಪನ್ನು ಬೇರೆ ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿಲ್ಲ ಎಂದು ಕಾಯಿದೆಯ 179ನೇ ಸೆಕ್ಷನ್‌ನಲ್ಲಿ ಬರೆದಿದ್ದರು. ಅದಕ್ಕೆ ಕೊನೆ ಹಾಡಿದ್ದು 2010ರ ಫೆಬ್ರವರಿಯ ಕರ್ಕ್ ತೀರ್ಪು. ಪಿಕ್ಟನ್ ಹತ್ತಿರದ ಒಂದು ಜಮೀನು. ಅದರ ಮೇಲ್ವಿಚಾರಕ ಕಬ್ಬಿಣದ ಸರಳುಗಳನ್ನು ಹೇರಿಕೊಂಡು ರಸ್ತೆ ಬಿಟ್ಟು ಇಳಿಜಾರಿನಲ್ಲಿ ಪುಟ್ಟ ವಾಹನ ಓಡಿಸಿದ, ಅದು ಮಗುಚಿ ಸತ್ತ. ಮಾಲೀಕ ಕರ್ಕ್ ಅವರಿಗೂ ಅವರ ಕಂಪನಿಗೂ ಕೈಗಾರಿಕಾ ನ್ಯಾಯಾಲಯ ದಂಡ ಹಾಕಿತು. ಆದರೆ ಅವರು ಮಾಡಬೇಕಾಗಿದ್ದ ಯಾವ ಸುರಕ್ಷಾ ಕ್ರಮವನ್ನು ಮಾಡಲಿಲ್ಲ ಎಂದು ಆರೋಪಪಟ್ಟಿಯಲ್ಲಿ ಹೇಳಿಯೇ ಇರಲಿಲ್ಲ. ಹೈಕೋರ್ಟ್ ಆ ಶಿಕ್ಷೆಯನ್ನು ರದ್ದು ಮಾಡಿತು. ಪ್ರತಿ ರಾಜ್ಯದಲ್ಲೂ ಸುಪ್ರೀಂ ಕೋರ್ಟ್ ಇರಲೇಬೇಕು ಎಂಬುದು ಸಂವಿಧಾನದ 73ನೇ ಕಲಂನಿಂದಲೇ ಬರುತ್ತದೆ, ಕೆಳಗಿನ ನ್ಯಾಯಾಲಯ ತನ್ನ ಅಧಿಕಾರದ ಗಡಿ ದಾಟಿದಾಗ ತಡೆಯುವುದು ಆ ಸುಪ್ರೀಂ ಕೋರ್ಟಿನ ಹುಟ್ಟುಗುಣ, ಅದನ್ನು ರಾಜ್ಯದ ಶಾಸಕಾಂಗ ಕಿತ್ತುಕೊಳ್ಳಲಾಗದು ಎಂದಿತು. ನಮ್ಮ ಕಚೇರಿಯಲ್ಲಿ ಕೆಲವರಿಗೆ ಅಂದು ಬೇಸರವಾಗಿತ್ತು. ನನಗೆ ಆಗಲಿಲ್ಲ. ಗಡಿ ಕಾಯುವವರಿಲ್ಲದ ಅಧಿಕಾರ ಇವತ್ತು ನಮ್ಮ ಪರವಾಗಿದ್ದರೆ ನಾಳೆ ನಮ್ಮ ಮೇಲೆಯೇ ಬೀಳಬಹುದು.

ನಿಮ್ಮನ್ನು ತಡೆದಿರುವುದು ಮೂರನೆಯದು. ಸಂವಿಧಾನದ 109ನೇ ಕಲಂ: ರಾಜ್ಯದ ಕಾನೂನಿಗೂ ಕೇಂದ್ರದ ಕಾನೂನಿಗೂ ತಿಕ್ಕಾಟ ಬಂದರೆ ಕೇಂದ್ರದ್ದೇ ಗೆಲ್ಲುತ್ತದೆ, ತಿಕ್ಕಾಟ ಇರುವಷ್ಟರ ಮಟ್ಟಿಗೆ ರಾಜ್ಯದ್ದು ನಿರ್ಬಲ. 2006ರ ಮಾರ್ಚ್ 27ರಂದು ಜಾರಿಗೆ ಬಂದ ಕೇಂದ್ರದ ವರ್ಕ್ ಚಾಯ್ಸಸ್ ಕಾನೂನು ಕಂಪನಿಗಳ ಮೇಲೆ ಶಾಸನ ಮಾಡುವ ಅಧಿಕಾರವನ್ನು, ಎಂದರೆ 51ನೇ ಕಲಂನ 20ನೇ ಬಾಬನ್ನು ಹಿಡಿದುಕೊಂಡು, ಕಂಪನಿಗಳ ನೌಕರರನ್ನು ರಾಜ್ಯದ ಕೈಯಿಂದ ತೆಗೆದುಕೊಂಡಿತು. ರಾಜ್ಯಗಳು ಹೈಕೋರ್ಟಿಗೆ ಹೋದವು. ನವೆಂಬರ್ 14ರಂದು ಐವರು ಕೇಂದ್ರದ ಪರ, ಇಬ್ಬರು ವಿರುದ್ಧ. ನಂತರ 2007ರ ಮಾರ್ಚ್ 1ರಿಂದ ಕೇಂದ್ರದ ಸ್ವತಂತ್ರ ಗುತ್ತಿಗೆದಾರರ ಕಾಯಿದೆ ಜಾರಿಗೆ ಬಂತು. ಒಪ್ಪಂದದ ಒಂದು ಕಡೆ ಕಂಪನಿ ಇದ್ದರೆ ಸಾಕು, ರಾಜ್ಯದ ಅನ್ಯಾಯ ಒಪ್ಪಂದದ ಕಾನೂನು ಅಲ್ಲಿ ನಡೆಯದು ಎಂದಿತು. ಬೆಳಗಾವಿಯ ಅಣ್ಣ ಹೇಳಿದ 6ನೇ ಅಧ್ಯಾಯವನ್ನು ಮಾತ್ರ ಆ ಕಾಯಿದೆಯೇ ಹೊರಗಿಟ್ಟು ಉಳಿಸಿತು. 2009ರ ಫೇರ್ ವರ್ಕ್ ಕಾಯಿದೆಯ 26ನೇ ಸೆಕ್ಷನ್ ನೌಕರರ ಮಟ್ಟಿಗೆ ಅದೇ ಬೇಲಿಯನ್ನು ಮುಂದುವರಿಸಿತು.

ಅದು ಹೇಗಿತ್ತು ಎಂದು ಒಂದು ದಿನದ ಸಂಗತಿ ಹೇಳುತ್ತೇನೆ. 2007ರ ಏಪ್ರಿಲ್. ಕಚೇರಿಗೆ ಒಬ್ಬ ಹೆಂಗಸು ಬಂದಳು. ರಾತ್ರಿ ಕಚೇರಿಗಳನ್ನು ಗುಡಿಸಿ ಒರೆಸುವ ಕೆಲಸ. ಆ ಕೆಲಸ ಸಿಗಲು ಮುಂಗಡ ಹಣ ಕಟ್ಟಿದ್ದಳು. ಬಟ್ಟೆಯ ಚೀಲದಿಂದ ಒಂದು ಶಾಲಾ ನೋಟ್‌ಬುಕ್ ತೆಗೆದಳು. ಪ್ರತಿ ರಾತ್ರಿ ಹೋದ ಹೊತ್ತು, ಬಂದ ಹೊತ್ತು, ಕೊಂಡ ಫಿನಾಯಿಲಿನ ಬೆಲೆ, ಎಲ್ಲ ನೀಲಿ ಪೆನ್ನಿನಲ್ಲಿ. ನಾನು ಕೂಡಿಸಿ ಭಾಗಿಸಿದೆ, ಗಂಟೆಗೆ ಕನಿಷ್ಠ ಕೂಲಿಯ ಅರ್ಧವೂ ಬೀಳುತ್ತಿರಲಿಲ್ಲ. ನಮ್ಮ ವಕೀಲರು ನೋಟ್‌ಬುಕ್ಕನ್ನು ಕೊನೆಯವರೆಗೂ ತಿರುವಿದರು. ಆಮೇಲೆ ಒಪ್ಪಂದದ ಮೊದಲ ಪುಟ ತೆಗೆದು, ಕೆಲಸ ಕೊಟ್ಟವರ ಹೆಸರಿನ ಮುಂದೆ ‘ಪ್ರೊಪ್ರೈಟರಿ ಲಿಮಿಟೆಡ್’ (ಎಂದರೆ ಅದು ಕಂಪನಿ) ಎಂದು ಇರುವುದನ್ನು ಬೆರಳಿಟ್ಟು ನನಗೆ ತೋರಿಸಿದರು. ಎರಡು ತಿಂಗಳ ಹಿಂದೆ ಬಂದಿದ್ದರೆ ಅಂದೇ 106ರ ಅರ್ಜಿ ಟೈಪು ಮಾಡುತ್ತಿದ್ದೆ. ಆ ನೋಟ್‌ಬುಕ್ಕಿನಲ್ಲಿದ್ದ ಒಂದು ಅಕ್ಷರವೂ ಸುಳ್ಳಾಗಿರಲಿಲ್ಲ, ಆದರೂ ನಾನು ಟೈಪ್‌ರೈಟರಿನ ಕಾಗದವನ್ನು ಹಿಂದಕ್ಕೆ ಎಳೆಯಬೇಕಾಯಿತು.

ಆದ್ದರಿಂದ ತಮ್ಮಾ, ನಿಮ್ಮ ಪ್ರಶ್ನೆಗೆ ಉತ್ತರ ಇದು. ಈ ದೇಶದಲ್ಲಿ ಯಾವ ಬಾಗಿಲು ತಟ್ಟಬೇಕು ಎಂಬುದನ್ನು ತೀರ್ಮಾನಿಸುವುದು ಎದುರಿಗೆ ನಿಂತವನು ಕಂಪನಿಯೇ, ಸರ್ಕಾರವೇ, ಖಾಸಗಿ ಮನುಷ್ಯನೇ ಎಂಬುದು. ರಾಜ್ಯ ಸರ್ಕಾರದ, ನಗರಸಭೆಗಳ ನೌಕರರಿಗೆ 106 ಇನ್ನೂ ಇದೆ. ಆ ಹಾಲಿನ ಕೊಟ್ಟಿಗೆಯಂತೆ ಎರಡೂ ಕಡೆ ಬರೀ ಮನುಷ್ಯರೇ ಇದ್ದರೆ ಸ್ವತಂತ್ರ ಗುತ್ತಿಗೆದಾರರ ಕಾಯಿದೆ ಅವರನ್ನು ಮುಟ್ಟುವುದಿಲ್ಲ. ನಿಮ್ಮಲ್ಲಿ ಎರಡೂ ಕಡೆ ಕಂಪನಿ. 2016ರಲ್ಲಿ ಕೈಗಾರಿಕಾ ನ್ಯಾಯಾಲಯವನ್ನೇ ಮುಚ್ಚಿದ್ದರು, 2024ರ ಜುಲೈ 1ರಂದು ಮತ್ತೆ ತೆರೆದರು. ನಿಮ್ಮ ಸಹೋದ್ಯೋಗಿಗೆ ಆ ಸುದ್ದಿ ಕೇಳಿ ಹಳೆಯ ನೆನಪು ಬಂದಿರಬೇಕು. ನ್ಯಾಯಾಲಯ ಮರಳಿತು, ನಿಮ್ಮಂಥವರ ಮೇಲಿನ ಅಧಿಕಾರ ಮರಳಲಿಲ್ಲ.

ಈಗ ಎಲ್ಲಿಗೆ ಹೋಗಬೇಕು? ಎರಡು ದಾರಿ ಇದೆ, ಅವುಗಳ ನಡುವಿನ ಗೆರೆ 2024ರ ಆಗಸ್ಟ್ 26. ಅಂದು ಅಥವಾ ನಂತರ ಮಾಡಿಕೊಂಡ ಒಪ್ಪಂದವಾದರೆ, ಮತ್ತು ಗಳಿಕೆ ನಿಗದಿತ ಮಿತಿಯೊಳಗಿದ್ದರೆ (ಮೊದಲ ವರ್ಷ ಅದು 1,75,000 ಡಾಲರ್, ದಿನಕ್ಕೆ 620ರ ಲೆಕ್ಕದಲ್ಲಿ ನೀವು ಒಳಗಿದ್ದೀರಿ) ಕೇಂದ್ರದ ಕಾರ್ಮಿಕ ಮಂಡಳಿಯಾದ ಫೇರ್ ವರ್ಕ್ ಆಯೋಗಕ್ಕೆ ಅರ್ಜಿ. ಖರ್ಚು ಕಡಿಮೆ. ಅನ್ಯಾಯದ ಷರತ್ತನ್ನು ಅವರು ತೆಗೆದುಹಾಕಬಹುದು, ತಿದ್ದಬಹುದು. ಹಣ ವಸೂಲಿ ಮಾಡಿಕೊಡುವುದಿಲ್ಲ. ಅದಕ್ಕಿಂತ ಹಿಂದಿನ ಒಪ್ಪಂದವಾದರೆ 2006ರ ಸ್ವತಂತ್ರ ಗುತ್ತಿಗೆದಾರರ ಕಾಯಿದೆಯಡಿ ಫೆಡರಲ್ ನ್ಯಾಯಾಲಯ. ಕೆಲಸವನ್ನು ನಿರ್ದೇಶಕನೇ ಮಾಡುವ ಪುಟ್ಟ ಕಂಪನಿಗೂ ಅಲ್ಲಿ ಅವಕಾಶವಿದೆ. ಆದರೆ ಆ ನ್ಯಾಯಾಲಯ ಒಪ್ಪಂದ ಮಾಡಿಕೊಂಡ ದಿನ ಅದು ಹೇಗಿತ್ತು ಎಂಬುದನ್ನಷ್ಟೇ ನೋಡುತ್ತದೆ. 106ರಲ್ಲಿದ್ದ ‘ಆಮೇಲೆ ಅನ್ಯಾಯವಾಯಿತು’ ಎಂಬ ಮಾತು ಅಲ್ಲಿಗೆ ಬರಲೇ ಇಲ್ಲ. ಈ ಎರಡು ದಶಕಗಳಲ್ಲಿ ದುಡಿಯುವವರು ಕಳೆದುಕೊಂಡದ್ದರಲ್ಲಿ ಇದೇ ದೊಡ್ಡದು ಎಂದು ನಾನು ನಂಬುತ್ತೇನೆ.

ಹಾಗಾಗಿ ನಿಮ್ಮ ಡಿಸೆಂಬರ್ ಪತ್ರ ಏನು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಅದು ಜೂನ್ ಒಪ್ಪಂದದ ತಿದ್ದುಪಡಿಯೇ, ಅಥವಾ ಹೊಸ ಒಪ್ಪಂದವೇ? ಪತ್ರದ ಮೊದಲ ಸಾಲು, ಕೊನೆಯ ಸಾಲು ಎರಡನ್ನೂ ಇದ್ದದ್ದು ಇದ್ದಂತೆ ಕನ್ನಡದಲ್ಲಿ ಬರೆದು ಹಾಕಿ. ಏಜೆನ್ಸಿಯ ಹೆಸರು ಇಲ್ಲಿ ಬೇಡ.

---

ಉತ್ತರ 3 — ಬಸವನಗುಡಿ ವಕೀಲ, ಬೆಂಗಳೂರು

ಶಾರದಮ್ಮನವರು ಕರ್ಕ್ ಬಗ್ಗೆ ಬರೆದದ್ದನ್ನು ಓದಿ ಒಂದು ಮಾತು ಸೇರಿಸಬೇಕೆನಿಸಿತು. ನಮ್ಮಲ್ಲಿ 1997ರ ಎಲ್. ಚಂದ್ರಕುಮಾರ್ ತೀರ್ಪು ಇದನ್ನೇ ಹೇಳುತ್ತದೆ. ಸರ್ಕಾರಿ ನೌಕರರ ವ್ಯಾಜ್ಯಗಳಿಗೆ ಆಡಳಿತ ನ್ಯಾಯಮಂಡಳಿ ಮಾಡಿ, ಹೈಕೋರ್ಟಿನ ಅಧಿಕಾರವನ್ನು ತೆಗೆದುಹಾಕಿದ್ದರು. ಏಳು ನ್ಯಾಯಮೂರ್ತಿಗಳ ಪೀಠ, 226ನೇ ವಿಧಿಯ ಅಧಿಕಾರ ಸಂವಿಧಾನದ ಮೂಲ ಸ್ವರೂಪಕ್ಕೆ ಸೇರಿದ್ದು, ತೆಗೆಯಲಾಗದು ಎಂದಿತು. ಕರ್ನಾಟಕದ ನ್ಯಾಯಮಂಡಳಿಯ ಆದೇಶದ ವಿರುದ್ಧ ನಾವು ಇಂದು ಹೈಕೋರ್ಟಿಗೆ ರಿಟ್ ಹಾಕುವುದು ಅದರ ಬಲದಿಂದಲೇ. ಬೇರೆ ಬೇರೆ ದಾರಿಯಲ್ಲಿ ನಡೆದು ಎರಡೂ ದೇಶದ ನ್ಯಾಯಾಲಯಗಳು ಒಂದೇ ಕಟ್ಟೆಗೆ ಬಂದು ಕುಳಿತಿವೆ.

ಪ್ರಶ್ನೆ ಕೇಳಿದವರಿಗೆ ಇನ್ನೊಂದು ಎಚ್ಚರಿಕೆ. ಭಾರತದ ಕರಾರು ಕಾಯಿದೆಯ 27ನೇ ಕಲಂ, ಕೆಲಸ ಬಿಟ್ಟ ಮೇಲೆ ದುಡಿಯಬಾರದು ಎಂಬ ಷರತ್ತನ್ನು ಬಹುಮಟ್ಟಿಗೆ ಅನೂರ್ಜಿತ ಮಾಡುತ್ತದೆ. ಊರಿನ ಗೆಳೆಯರು ‘ಅಂಥ ಷರತ್ತು ನಿಲ್ಲುವುದೇ ಇಲ್ಲ’ ಎಂದು ಧೈರ್ಯ ಹೇಳಿದರೆ ಅದನ್ನು ಸಿಡ್ನಿಗೆ ಅನ್ವಯಿಸಬೇಡಿ. ಅಲ್ಲಿ 1976ರ ಕಾನೂನೊಂದಿದೆ, ನ್ಯಾಯಾಲಯ ಷರತ್ತನ್ನು ಸಮಂಜಸವಾದ ಮಟ್ಟಕ್ಕೆ ಇಳಿಸಿ ಉಳಿಸಿಕೊಳ್ಳಬಹುದು.

---

ಪ್ರಶ್ನೆ ಕೇಳಿದವರು — ಅರಸೀಕೆರೆಯವನು

ಶಾರದಕ್ಕ, ನಿಮ್ಮ ಉತ್ತರವನ್ನು ಮೂರು ಸಲ ಓದಿದೆ, ಹೆಂಡತಿಗೂ ಓದಿ ಹೇಳಿದೆ. ಆ ನೋಟ್‌ಬುಕ್ಕಿನ ಹೆಂಗಸಿನ ಕಥೆ ಬಂದಾಗ ಅವಳು ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಕೈ ಒರೆಸಿಕೊಂಡು ಬಂದು ಪಕ್ಕದಲ್ಲಿ ಕುಳಿತಳು.

ರಾತ್ರಿ ಪತ್ರವನ್ನು ಮುದ್ರಿಸಿ ಮೊದಲ ಬಾರಿಗೆ ಕಾಗದದ ಮೇಲೆ ಓದಿದೆ. ತಲೆಬರಹ ‘ಅವಧಿ ವಿಸ್ತರಣೆ’. ಮೊದಲ ಸಾಲು, ‘ನಿಮ್ಮ ಸೇವೆಯನ್ನು ಆರು ತಿಂಗಳು ಮುಂದುವರಿಸಲು ಹರ್ಷಿಸುತ್ತೇವೆ.’ ಕೊನೆಯ ಪ್ಯಾರಾದಲ್ಲಿ ಸಣ್ಣ ಅಕ್ಷರದಲ್ಲಿ, ‘2024ರ ಜೂನ್ 3ರ ಒಪ್ಪಂದ ಇಲ್ಲಿಗೆ ಕೊನೆಗೊಳ್ಳುತ್ತದೆ, ಅದರ ಸ್ಥಾನದಲ್ಲಿ ಈ ಪತ್ರ ಮತ್ತು ಲಗತ್ತಿಸಿದ ನಿಯಮಗಳು ಪೂರ್ಣ ಒಪ್ಪಂದವಾಗಿರುತ್ತವೆ’ ಎಂದಿದೆ. ದಿನಾಂಕ ಡಿಸೆಂಬರ್ 2. ಇದು ನನಗೆ ಅನುಕೂಲವೇ, ತೊಂದರೆಯೇ?

---

ಉತ್ತರ 4 — ಸಾಗರದ ಶಾರದ

ಅನುಕೂಲ. ಹಳೆಯ 14 ದಿನದ ಷರತ್ತನ್ನು ಅಳಿಸಲು ಅವರು ಬರೆಸಿದ ಸಾಲು ಅದು. ಅದೇ ಸಾಲು ನಿಮ್ಮ ಒಪ್ಪಂದವನ್ನು ಆಗಸ್ಟ್ 26ರ ಈಚೆಗೆ ತಂದು ನಿಲ್ಲಿಸಿದೆ. ತಲೆಬರಹದಲ್ಲಿ ‘ವಿಸ್ತರಣೆ’ ಎಂದಿರುವುದನ್ನು ಹಿಡಿದು ಅವರು ವಾದಿಸಬಹುದು, ಆದರೆ ‘ಕೊನೆಗೊಳ್ಳುತ್ತದೆ’ ಎಂದು ಬರೆದವರು ಅವರೇ. ಫೇರ್ ವರ್ಕ್ ಆಯೋಗದ ದಾರಿಯನ್ನು ಮೊದಲು ವಕೀಲರೊಬ್ಬರ ಮುಂದೆ ಇಡಿ. ಈ ಸಲ ಫೋನಿನಲ್ಲಿ ಬೇಡ, ಎದುರಿಗೆ ಕುಳಿತು.

21,700ರ ವಿಷಯ ಬೇರೆ. ಆಯೋಗ ‘ಗ್ರಾಹಕ ಕೊಟ್ಟ ಮೇಲೆ’ ಎಂಬ ಷರತ್ತನ್ನು ತೆಗೆದರೂ ಹಣವನ್ನು ಸಾಲ ವಸೂಲಿಯಂತೆ ಲೋಕಲ್ ಕೋರ್ಟಿನಲ್ಲಿ ಕೇಳಬೇಕು. ಅಲ್ಲಿಯ ಸಣ್ಣ ಮೊತ್ತದ ವಿಭಾಗದ ಮಿತಿ 20,000. ಮೇಲಿನ 1,700 ಬಿಟ್ಟುಕೊಟ್ಟು ಸರಳವಾದ ಅಲ್ಲಿಗೇ ಹೋಗುವುದೋ, ಪೂರ್ತಿ ಕೇಳಿ ಸಾಮಾನ್ಯ ವಿಭಾಗಕ್ಕೆ ಹೋಗುವುದೋ, ಖರ್ಚು ಲೆಕ್ಕ ಹಾಕಿ ನಿರ್ಧರಿಸಿ. ನಾನಾಗಿದ್ದರೆ ಸಣ್ಣದಕ್ಕೆ ಹೋಗುತ್ತಿದ್ದೆ.

ಶಾಲೆಯ ಗೇಟಿನ ಬಳಿ ಸಹಿ ಹಾಕಿದ್ದನ್ನೂ ಹೇಳಿ, ನಾಚಿಕೆ ಬೇಡ. ಎರಡು ಕಡೆಯವರ ಬಲಾಬಲ ಹೇಗಿತ್ತು ಎಂಬುದನ್ನು ಆಯೋಗ ನೋಡುತ್ತದೆ. ಪತ್ರ ಎಷ್ಟು ಗಂಟೆಗೆ ಬಂತು, ಎಷ್ಟು ಗಂಟೆಗೆ ಸಹಿ ಕೇಳಿದರು ಎಂಬುದು ಇಮೇಲಿನಲ್ಲೇ ಇರುತ್ತದೆ. ಅದನ್ನು ಮುದ್ರಿಸಿಡಿ. ಏಳು ವಾರದ ಹಾಜರಿ ಹಾಳೆಗಳನ್ನು ಗ್ರಾಹಕ ಸಂಸ್ಥೆಯ ಮೇಲ್ವಿಚಾರಕರು ಒಪ್ಪಿದ ಸಂದೇಶಗಳ ಜೊತೆ ವಾರವಾರು ಜೋಡಿಸಿ. ಶನಿವಾರ ಬೆಳಿಗ್ಗೆ ಎಪಿಂಗ್ ಗ್ರಂಥಾಲಯದಲ್ಲಿ ಇರುತ್ತೇನೆ. ಕಾಗದಗಳನ್ನು ತಂದರೆ ಕ್ರಮವಾಗಿ ಕಟ್ಟಿಕೊಡುತ್ತೇನೆ. ಗುಲಾಬಿ ದಾರ ಮನೆಯಲ್ಲಿ ಇನ್ನೂ ಒಂದು ಉಂಡೆ ಉಳಿದಿದೆ.